ವಜ್ರದ ದೇಶದಲ್ಲಿ ಮಳೆಯ ಹೆಸರಿನ ದುಡ್ಡು: ಬೋಟ್ಸ್ವಾನಾ ಬಗ್ಗೆ ಒಬ್ಬ ತಾಯಿಗೆ ಉತ್ತರ

ಪ್ರಶ್ನೆ: ನನ್ನ ಮಗಳಿಗೆ ಬೋಟ್ಸ್ವಾನಾದ ರಾಜಧಾನಿಯಲ್ಲಿ ಅಕೌಂಟೆಂಟ್ ಕೆಲಸ ಸಿಕ್ಕಿದೆ. ಎರಡು ವರ್ಷದ ಕರಾರು. ‘ಆಫ್ರಿಕಾಕ್ಕೆ ಒಬ್ಬಳನ್ನೇ ಕಳಿಸ್ತೀಯಾ’ ಅಂತ ಮನೆಯವರೆಲ್ಲ ಕೇಳುತ್ತಿದ್ದಾರೆ. ಅದು ವಜ್ರದ ದೇಶ, ಬಲು ಶ್ರೀಮಂತರು ಅಂತ ಕೆಲವರು ಹೇಳುತ್ತಾರೆ. ಅಲ್ಲಿನ ಸರ್ಕಾರದ ಹತ್ತಿರ ಈಗ ದುಡ್ಡೇ ಇಲ್ಲ ಅಂತ ಇನ್ನು ಕೆಲವರು. ಆ ನಾಡು ಹೇಗಿದೆ, ಜನ ಎಂಥವರು, ಸರ್ಕಾರ ಹೇಗೆ ನಡೆಯುತ್ತದೆ, ದುಡ್ಡು ಎಲ್ಲಿಂದ ಬರುತ್ತದೆ? ಸ್ವಲ್ಪ ಬಿಡಿಸಿ ಹೇಳುತ್ತೀರಾ? — ದಾವಣಗೆರೆಯ ಒಬ್ಬ ತಾಯಿ

ಉತ್ತರ:

ಅಮ್ಮಾ, ನಿಮ್ಮ ಪ್ರಶ್ನೆ ಓದಿದ ಕೂಡಲೇ ಬರೆಯಲು ಕೂತೆ. ಬೋಟ್ಸ್ವಾನಾದಲ್ಲಿ ನಾನು ಒಂಬತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ಭೂಗೋಳ ಪಾಠ ಮಾಡಿದ್ದೇನೆ. ನಾನು ಹೊರಟು ನಿಂತಾಗಲೂ ನಮ್ಮ ಮನೆಯಲ್ಲಿ ಇದೇ ಮಾತು ಬಂದಿತ್ತು. ಅದು ವಜ್ರದ ದೇಶ ಅನ್ನುವುದೂ ನಿಜ. ಈಗ ಅವರ ಕೈ ಬಿಗಿಯಾಗಿದೆ ಅನ್ನುವುದೂ ನಿಜ. ಆದರೆ ಈ ಎರಡು ಮಾತಿನಿಂದ ಆ ದೇಶ ಅರ್ಥ ಆಗುವುದಿಲ್ಲ. ನನ್ನನ್ನು ಕೇಳಿದರೆ, ವಜ್ರವನ್ನು ಪಕ್ಕಕ್ಕಿಟ್ಟು ಮಳೆಯಿಂದ ಶುರು ಮಾಡಬೇಕು.

ಅಲ್ಲಿನ ದುಡ್ಡಿನ ಹೆಸರು ಪುಲ. ಸೆತ್ಸ್ವಾನಾ ಭಾಷೆಯಲ್ಲಿ ಪುಲ ಅಂದರೆ ಮಳೆ. ಮೊದಲು ಅಲ್ಲಿ ದಕ್ಷಿಣ ಆಫ್ರಿಕಾದ ರ‍್ಯಾಂಡ್ ಓಡುತ್ತಿತ್ತು. 1976ರ ಆಗಸ್ಟ್ 23ರಂದು ಸ್ವಂತ ನೋಟು ತಂದಾಗ ಅದಕ್ಕೆ ಮಳೆಯ ಹೆಸರಿಟ್ಟರು. ಚಿಲ್ಲರೆಗೆ ಥೆಬೆ ಅನ್ನುತ್ತಾರೆ, ಗುರಾಣಿ ಅಂತ ಅರ್ಥ. ಭಾಷಣ ಮುಗಿಸುವವರು ‘ಪುಲ!’ ಅಂತ ಕೂಗಿದರೆ ಕೂತವರೆಲ್ಲ ‘ಪುಲ!’ ಅಂತ ದನಿ ಸೇರಿಸುತ್ತಾರೆ. ಆರತಕ್ಷತೆಯಲ್ಲೂ ಅದೇ, ಪಾರ್ಲಿಮೆಂಟಿನಲ್ಲೂ ಅದೇ. ಬಾವುಟದ ತಿಳಿನೀಲಿ ಬಣ್ಣ ಕೂಡ ನೀರಿನದೇ.

ಸುಮ್ನೆ ಹೆಸರಿಗೆ ಇಟ್ಟಿದ್ದಲ್ಲ ಇದು. ನಾನು ಹೋದ ಮೊದಲ ವರ್ಷ, ನವೆಂಬರ್ ತಿಂಗಳು. ವಾರಗಟ್ಟಲೆ ಬಿಸಿಲು ಕಾದು ಕಾದು ತರಗತಿಯ ತಗಡಿನ ಮಾಡು ಚಟಚಟ ಅನ್ನುತ್ತಿತ್ತು. ನಾನು ಹಲಗೆಯ ಮೇಲೆ ನಕ್ಷೆ ಬರೆಯುತ್ತಿದ್ದೆ. ಮೊದಲ ನಾಲ್ಕು ಹನಿ ತಗಡಿಗೆ ಬಿದ್ದ ಸದ್ದಿಗೇ ಮಕ್ಕಳು ಎದ್ದರು, ಒಬ್ಬರೂ ಕೇಳಲಿಲ್ಲ, ಎಲ್ಲರೂ ಹೊರಗೆ. ಕೆಂಪು ಮಣ್ಣಿನ ಅಂಗಳದಲ್ಲಿ ಕೈ ಚಾಚಿ ನಿಂತರು. ನಾನು ಗದರಿಸಲು ಬಾಗಿಲಿಗೆ ಬಂದರೆ ಮುಖ್ಯೋಪಾಧ್ಯಾಯಿನಿಯೂ ಅಂಗಳದಲ್ಲೇ ನಿಂತು ನೆನೆಯುತ್ತಿದ್ದರು. ಆ ದಿನ ಪಾಠ ಅಲ್ಲಿಗೆ ಮುಗಿಯಿತು.

ಈಗ ನಕ್ಷೆ ನೋಡಿ. ದಕ್ಷಿಣಕ್ಕೆ ದಕ್ಷಿಣ ಆಫ್ರಿಕಾ, ಪಶ್ಚಿಮಕ್ಕೆ ನಮೀಬಿಯಾ, ಪೂರ್ವಕ್ಕೆ ಜಿಂಬಾಬ್ವೆ, ಉತ್ತರದ ತುದಿಯಲ್ಲಿ ಜಾಂಬಿಯಾ. ಸಮುದ್ರ ಎಲ್ಲೂ ಇಲ್ಲ. ದೇಶದ ವಿಸ್ತೀರ್ಣ ಸುಮಾರು 5.8 ಲಕ್ಷ ಚದರ ಕಿಲೋಮೀಟರ್, ಅಂದರೆ ಹೆಚ್ಚು ಕಡಿಮೆ ಮೂರು ಕರ್ನಾಟಕ. ಜನ ಮಾತ್ರ 2022ರ ಜನಗಣತಿಯ ಪ್ರಕಾರ 24 ಲಕ್ಷದ ಒಳಗೆ. ದೇಶದ ಮುಕ್ಕಾಲು ಭಾಗದಷ್ಟು ನೆಲವನ್ನು ಕಲಹಾರಿ ಆವರಿಸಿದೆ. ಮರುಭೂಮಿ ಅಂದ ತಕ್ಷಣ ಬರೀ ಮರಳ ದಿಬ್ಬ ಅಂದುಕೊಳ್ಳಬೇಡಿ. ಮುಳ್ಳುಗಿಡ, ಒಣಹುಲ್ಲು, ಜಾಲಿಯಂಥ ಮರ, ಕೆಳಗೆ ಆಳವಾದ ಮರಳು. ಮಳೆ ಬಿದ್ದರೂ ಮರಳು ಕುಡಿದುಬಿಡುತ್ತದೆ, ಮೇಲೆ ನೀರು ನಿಲ್ಲುವುದಿಲ್ಲ. ನೈಋತ್ಯದ ಮೂಲೆಯಲ್ಲಿ ವರ್ಷಕ್ಕೆ 250 ಮಿಲಿಮೀಟರ್ ಮಳೆ ಬಂದರೆ ಅದೇ ಜಾಸ್ತಿ. ಈಶಾನ್ಯದಲ್ಲಿ 650ರ ತನಕ ಬರುತ್ತದೆ. ಹಾಗಾಗಿಯೇ ಜನರಲ್ಲಿ ಹೆಚ್ಚಿನವರು ಪೂರ್ವದ ಅಂಚಿನಲ್ಲಿ, ರೈಲು ಹಳಿಯ ಆಸುಪಾಸಿನಲ್ಲಿ ಬದುಕುತ್ತಾರೆ. ಲೊಬಾತ್ಸೆ, ಗ್ಯಾಬೊರೋನ್, ಫ್ರಾನ್ಸಿಸ್‌ಟೌನ್ ಎಲ್ಲವೂ ಆ ಒಂದೇ ಸಾಲಿನಲ್ಲಿವೆ.

ನಿಮ್ಮ ಮಗಳು ಹೋಗಲಿರುವ ರಾಜಧಾನಿ ಗ್ಯಾಬೊರೋನ್ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ, ಬೆಂಗಳೂರಿಗಿಂತ ತುಸು ಮೇಲೆ. ಆದರೆ ಹವೆ ಬೆಂಗಳೂರಿನದಲ್ಲ. ಅಕ್ಟೋಬರಿನಲ್ಲಿ ಬಿಸಿಲು ಸುಡುತ್ತದೆ. ಜೂನ್, ಜುಲೈ ರಾತ್ರಿಗಳಲ್ಲಿ ಕೈಕಾಲು ಮರಗಟ್ಟುವಷ್ಟು ಚಳಿ. ನಮ್ಮ ಕಡೆ ಮಳೆ ಶುರುವಾಗುವ ಹೊತ್ತಿಗೆ ಅಲ್ಲಿ ಚಳಿಗಾಲ ಅನ್ನುವುದನ್ನು ಸೂಟ್‌ಕೇಸ್ ತುಂಬುವಾಗ ಮರೆಯಬೇಡಿ. ದಪ್ಪ ಸ್ವೆಟರ್ ಬೇಕೇ ಬೇಕು.

ನೀರಿನ ಕಥೆ ಇನ್ನೂ ಇದೆ. 2015ರಲ್ಲಿ ಗ್ಯಾಬೊರೋನ್ ಅಣೆಕಟ್ಟು ಪೂರ್ತಿ ಬತ್ತಿತು. ರಾಜಧಾನಿ ಉತ್ತರದ ಅಣೆಕಟ್ಟುಗಳಿಂದ ನೂರಾರು ಕಿಲೋಮೀಟರ್ ಕೊಳವೆಯಲ್ಲಿ ಬರುವ ನೀರನ್ನು ನೆಚ್ಚಿಕೊಂಡಿತು. ಎರಡು ವರ್ಷಕ್ಕೆ, 2017ರಲ್ಲಿ, ಅದೇ ಅಣೆಕಟ್ಟು ತುಂಬಿ ಕೋಡಿ ಬಿತ್ತು. ಕೋಡಿ ಬಿದ್ದ ಕೆರೆ ನೋಡಲು ನಮ್ಮೂರಲ್ಲಿ ಜನ ಹೋಗುತ್ತಾರಲ್ಲ, ಹಾಗೇ ಹೋದರು. ಮನೆಯಲ್ಲಿ ಒಂದೆರಡು ದೊಡ್ಡ ಡಬ್ಬ ನೀರು ತುಂಬಿಟ್ಟುಕೊಳ್ಳುವ ಅಭ್ಯಾಸ ಮಗಳಿಗೆ ಇರಲಿ.

ಇಷ್ಟು ಒಣ ನಾಡಿನ ಉತ್ತರದಲ್ಲಿ ಒಕವಾಂಗೊ ಇದೆ. ನಾನು ಭೂಗೋಳದವನು, ಇದರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅಂಗೋಲಾದ ಎತ್ತರದ ನಾಡಿನಲ್ಲಿ ಹುಟ್ಟುವ ಈ ನದಿ ನಮೀಬಿಯಾದ ಒಂದು ಕಿರುಪಟ್ಟಿ ದಾಟಿ ಬೋಟ್ಸ್ವಾನಾಕ್ಕೆ ಬರುತ್ತದೆ. ಸಮುದ್ರಕ್ಕೆ ಹೋಗುವುದೇ ಇಲ್ಲ. ಕಲಹಾರಿಯ ಮರಳಿನ ಮೇಲೆ ಬೆರಳು ಬಿಡಿಸಿದ ಅಂಗೈಯಂತೆ ಹರಡಿ ಅಲ್ಲೇ ಮುಗಿಯುತ್ತದೆ. ಬಂದ ನೀರಿನ ಬಹುಪಾಲು ಬಿಸಿಲಿಗೆ ಆವಿಯಾಗುತ್ತದೆ, ಗಿಡಗಳು ಹೀರಿಕೊಳ್ಳುತ್ತವೆ. ಅಚ್ಚರಿ ಏನು ಗೊತ್ತಾ? ಅಂಗೋಲಾದಲ್ಲಿ ಬೇಸಿಗೆ ಮಳೆ ಬಿದ್ದು, ಆ ನೀರು ಸಮತಟ್ಟಾದ ನೆಲದಲ್ಲಿ ತೆವಳುತ್ತಾ ಬರಲು ತಿಂಗಳುಗಳೇ ಬೇಕು. ಹಾಗಾಗಿ ಬೋಟ್ಸ್ವಾನಾದಲ್ಲಿ ಒಂದು ಹನಿ ಮಳೆಯಿಲ್ಲದ ಚಳಿಗಾಲದಲ್ಲೇ ನೆರೆ ಬರುತ್ತದೆ. ಮೌನ್ ಊರಿನ ಸೇತುವೆಯ ಹತ್ತಿರ ನಿಂತು ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ಬಿರುಕು ಬಿಟ್ಟ ಒಣ ಪಾತ್ರದಲ್ಲಿ ಅಂಗೈ ದಪ್ಪದ ನೀರು, ಒಣಹುಲ್ಲು ಕಸಕಡ್ಡಿ ತಳ್ಳಿಕೊಂಡು, ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಬರುತ್ತಿತ್ತು. ಅದರ ಮುಂದೆ ಬಿಲದಿಂದ ಹೊರಬಿದ್ದ ಹುಳುಗಳು, ಅವುಗಳ ಹಿಂದೆ ಕೊಕ್ಕರೆಗಳು. ಮಕ್ಕಳು ಬರಿಗಾಲಲ್ಲಿ ಅದರ ಜೊತೆಗೇ ನಡೆಯುತ್ತಿದ್ದರು. 2014ರಲ್ಲಿ ಯುನೆಸ್ಕೊ ತನ್ನ 1,000ನೇ ವಿಶ್ವ ಪರಂಪರೆಯ ತಾಣವಾಗಿ ಸೇರಿಸಿಕೊಂಡಿದ್ದು ಇದನ್ನೇ. ಉತ್ತರದ ಈ ಭಾಗದಲ್ಲಿ ಆನೆಗಳೂ ವಿಪರೀತ, ದೇಶದಲ್ಲಿ ಸುಮಾರು 1.3 ಲಕ್ಷ ಇವೆ. ಜಗತ್ತಿನ ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ. ಪ್ರವಾಸಿಗರಿಗೆ ಅದು ಚಂದ. ರಾತ್ರಿ ಹೊಲ ಕಾಯುವ ರೈತನಿಗೆ ಅದೇ ದೊಡ್ಡ ಕಷ್ಟ.

ಜನರ ವಿಷಯಕ್ಕೆ ಬರೋಣ. ಅಲ್ಲಿ ಹೆಸರಿಗೇ ಒಂದು ವ್ಯಾಕರಣ ಇದೆ. ಒಬ್ಬನಾದರೆ ಮೊತ್ಸ್ವಾನಾ, ಹಲವರಾದರೆ ಬತ್ಸ್ವಾನಾ, ಭಾಷೆ ಸೆತ್ಸ್ವಾನಾ, ನಾಡು ಬೋಟ್ಸ್ವಾನಾ. ಕನ್ನಡದಲ್ಲಿ ಪದದ ಬಾಲ ಬದಲಾಗುತ್ತದೆ, ಅವರಲ್ಲಿ ತಲೆ ಬದಲಾಗುತ್ತದೆ. ತ್ಸ್ವಾನಾ ಜನರಲ್ಲಿ ಬಕ್ವೇನಾ, ಬಂಗ್ವಾಟೊ, ಬಂಗ್ವಕೆಟ್ಸೆ, ಬಕಟ್ಲಾ ಹೀಗೆ ಎಂಟು ದೊಡ್ಡ ಬುಡಕಟ್ಟುಗಳನ್ನು ಹೇಳುತ್ತಾರೆ. ಅವರಲ್ಲದೆ ಕಲಂಗಾ ಜನ, ಯೆಯಿ, ಹೆರೆರೊ, ಕಲಹಾರಿಯ ಸಾನ್ ಜನ ಇದ್ದಾರೆ. ಆಡಳಿತದ ಭಾಷೆ ಇಂಗ್ಲಿಷ್. ಆದರೆ ಸಂತೆ, ಬಸ್ಸು, ಆಸ್ಪತ್ರೆ, ಎಲ್ಲ ಕಡೆ ಸೆತ್ಸ್ವಾನಾ. ಇಲ್ಲಿ ನಾವು ಗ್ಯಾಬೊರೋನ್ ಅಂತ ಬರೆಯುತ್ತೇವೆ, ಅಲ್ಲಿನವರ ಬಾಯಲ್ಲಿ ಅದು ಗಂಟಲಿನಿಂದ ಬರುವ ‘ಖಾಬೊರೋನೆ’.

ಮಗಳು ವಿಮಾನ ಇಳಿಯುವ ಮೊದಲೇ ಒಂದು ಮಾತು ಕಲಿತಿರಲಿ. ಗಂಡಸಿಗೆ ‘ದುಮೆಲಾ ರ್ರಾ’, ಹೆಂಗಸಿಗೆ ‘ದುಮೆಲಾ ಮ್ಮಾ’. ಅಂಗಡಿಗೆ ಹೋಗಿ ನೇರವಾಗಿ ‘ಒಂದು ಬ್ರೆಡ್ ಕೊಡಿ’ ಅಂದರೆ ಅವರಿಗೆ ಬೇಜಾರಾಗುತ್ತದೆ. ಮೊದಲು ದುಮೆಲಾ, ಆಮೇಲೆ ಹೇಗಿದ್ದೀರಿ, ಆಮೇಲೆ ಬ್ರೆಡ್. ಏನಾದರೂ ಕೊಡುವಾಗ, ತೆಗೆದುಕೊಳ್ಳುವಾಗ ಬಲಗೈ ಮುಂದೆ, ಎಡಗೈ ಬಲಗೈ ಮೊಣಕೈಗೆ ತಾಕಿಸಿ. ಆ ‘ಮ್ಮಾ’ ನಮ್ಮ ಅಮ್ಮನ ಹಾಗೇ ಕೇಳುತ್ತದೆ, ಅಲ್ವಾ? ತಾಯಂದಿರನ್ನು ಮಗುವಿನ ಹೆಸರು ಸೇರಿಸಿ ‘ಇಂಥವರ ಮ್ಮಾ’ ಅಂತಲೇ ಕರೆಯುತ್ತಾರೆ. ನೀವು ಅಲ್ಲಿಗೆ ಹೋದರೆ ನಿಮ್ಮ ಸ್ವಂತ ಹೆಸರು ಯಾರೂ ಕೇಳದೇ ಇರಬಹುದು. ನಿಮ್ಮ ಮಗಳ ಹೆಸರೇ ನಿಮ್ಮ ಹೆಸರು.

ಹಳೆಯ ಕುಟುಂಬಗಳಿಗೆ ಮೂರು ಮನೆ. ಊರಲ್ಲಿ ಒಂದು, ಹೊಲದಲ್ಲಿ ಒಂದು, ದೂರದ ದನದ ದೊಡ್ಡಿಯಲ್ಲಿ ಒಂದು. ದೊಡ್ಡಿಗೆ ಮೊರಾಕ ಅನ್ನುತ್ತಾರೆ. ಪಟ್ಟಣದ ಬ್ಯಾಂಕಿನಲ್ಲಿ ಕೆಲಸ ಮಾಡುವವರೂ ಶುಕ್ರವಾರ ಸಂಜೆ ಪಿಕಪ್ ಗಾಡಿ ಹತ್ತಿ ಮೊರಾಕಕ್ಕೆ ಹೊರಟುಬಿಡುತ್ತಾರೆ. ದನ ಅಂದರೆ ಅವರಿಗೆ ಉಳಿತಾಯ, ಮರ್ಯಾದೆ, ಮದುವೆಯಲ್ಲಿ ಹೆಣ್ಣಿನ ಮನೆಗೆ ಕೊಡುವ ತೆರ ಎಲ್ಲವೂ. ನನಗೆ ಬಹಳ ಇಷ್ಟವಾದ ಒಂದು ಸಂಗತಿ ಹೇಳುತ್ತೇನೆ. ಲೆಸೊಥೊ, ಸ್ವಾಜಿಲ್ಯಾಂಡ್ ಜೊತೆ ಸೇರಿ ನಡೆಸುತ್ತಿದ್ದ ವಿಶ್ವವಿದ್ಯಾಲಯದಿಂದ 1975ರಲ್ಲಿ ಲೆಸೊಥೊ ಹೊರಬಂತು. ಬೋಟ್ಸ್ವಾನಾಕ್ಕೆ ಸ್ವಂತ ಕ್ಯಾಂಪಸ್ ಕಟ್ಟಬೇಕಾಯಿತು, ದುಡ್ಡಿರಲಿಲ್ಲ. 1976ರಲ್ಲಿ ‘ಒಬ್ಬೊಬ್ಬರೂ ಒಂದೊಂದು ದನ’ ಅಂತ ಕರೆ ಕೊಟ್ಟರು. ಜನ ದನ ಕೊಟ್ಟರು. ದನ ಇಲ್ಲದವರು ಕಾಳು ಕೊಟ್ಟರು, ಕೋಳಿಮೊಟ್ಟೆ ಕೊಟ್ಟರು. ಇವತ್ತಿನ ಬೋಟ್ಸ್ವಾನಾ ವಿಶ್ವವಿದ್ಯಾಲಯದ ಬುಡದಲ್ಲಿ ಆ ದನಗಳಿವೆ.

ಸರ್ಕಾರ ಹೇಗೆ ನಡೆಯುತ್ತದೆ ಅಂತ ಕೇಳಿದಿರಿ. ಪಾರ್ಲಿಮೆಂಟಿಗಿಂತ ಮೊದಲು ಖೋಟ್ಲ ಗೊತ್ತಿರಬೇಕು. ಪ್ರತಿ ಊರಿನ ನಡುವೆ, ಮುಖ್ಯಸ್ಥನ ಮನೆಯ ಹತ್ತಿರ, ಮರದ ಗೂಟಗಳನ್ನು ಅರ್ಧಚಂದ್ರದ ಹಾಗೆ ನೆಟ್ಟ ಜಾಗ ಇರುತ್ತದೆ. ಅದೇ ಖೋಟ್ಲ. ಮುಖ್ಯಸ್ಥನಿಗೆ ಖೋಸಿ ಅನ್ನುತ್ತಾರೆ. ಜಗಳ, ಜಮೀನು, ಶಾಲೆ, ನೀರು, ಎಲ್ಲ ಅಲ್ಲೇ ಮಾತಾಗಬೇಕು. ನಾನೊಮ್ಮೆ ಕೊಳವೆಬಾವಿಯ ವಿಷಯಕ್ಕೆ ಸೇರಿದ್ದ ಸಭೆಗೆ ಹೋಗಿದ್ದೆ. ಜನ ಮನೆಯಿಂದ ತಮ್ಮ ಕುರ್ಚಿ ತಾವೇ ಹೊತ್ತು ತಂದಿದ್ದರು. ಗಂಡಸರು ಟೋಪಿ ತೆಗೆದಿದ್ದರು. ಹೆಂಗಸರು ಲಂಗ ತೊಟ್ಟು ಹೆಗಲಿಗೆ ಶಾಲು ಹೊದ್ದಿದ್ದರು. ಪ್ಯಾಂಟ್ ಹಾಕಿದ ಹೆಂಗಸರು ಖೋಟ್ಲದ ಒಳಗೆ ಹೋಗುವಂತಿಲ್ಲ, ಮಗಳಿಗೆ ಇದು ನೆನಪಿರಲಿ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಿದ್ದು ಮಧ್ಯಾಹ್ನ ಎರಡಾದರೂ ಮುಗಿಯಲಿಲ್ಲ. ಒಬ್ಬ ಅಜ್ಜ ವಿಷಯಕ್ಕೆ ಸಂಬಂಧವೇ ಇಲ್ಲದ ಕಥೆಯನ್ನು ಅರ್ಧ ಗಂಟೆ ಹೇಳಿದರು. ಯಾರೂ ತಡೆಯಲಿಲ್ಲ. ‘ಖೋಟ್ಲದಲ್ಲಿ ಆಡಿದ ಮಾತೆಲ್ಲ ಚಂದ’ ಅನ್ನುವುದು ಅವರ ಗಾದೆ. ಖೋಸಿ ಕೊನೆಗೆ ಮಾತಾಡುತ್ತಾನೆ, ಮೊದಲಲ್ಲ. ‘ಜನ ಇದ್ದರೆ ಖೋಸಿ’ ಅನ್ನುವುದು ಇನ್ನೊಂದು ಗಾದೆ.

ಇದನ್ನು ಪೂರ್ತಿ ಹೊಗಳಲೂ ಆರೆ. ಹಿಂದೆ ಖೋಟ್ಲದಲ್ಲಿ ಹೆಂಗಸರಿಗೆ ಮಾತಿರಲಿಲ್ಲ. ಅಧೀನದ ಜನರಿಗೂ ಇರಲಿಲ್ಲ. ಆದರೆ ಕೂತು ಮಾತಾಡಿ ತೀರ್ಮಾನಿಸುವ ಆ ಅಭ್ಯಾಸವೇ ದೇಶವನ್ನು ಎರಡು ಸಲ ಉಳಿಸಿತು ಅಂತ ನನ್ನ ನಂಬಿಕೆ.

ಒಂದು ಸಲ 1895ರಲ್ಲಿ. ಆಗ ಈ ನಾಡು ಬೆಚುವಾನಾಲ್ಯಾಂಡ್ ಅನ್ನುವ ಹೆಸರಿನಲ್ಲಿ ಬ್ರಿಟಿಷರ ರಕ್ಷಣೆಯಲ್ಲಿತ್ತು. ದಕ್ಷಿಣ ಆಫ್ರಿಕಾದಲ್ಲಿದ್ದ ಬ್ರಿಟಿಷ್ ಗಣಿ ಸಾಹುಕಾರ ಸೆಸಿಲ್ ರೋಡ್ಸ್ ತನ್ನ ಕಂಪನಿಗೆ ಇದನ್ನು ಬರೆಸಿಕೊಳ್ಳಲು ಹೊಂಚು ಹಾಕಿದ್ದ. ಮೂರನೇ ಖಾಮಾ, ಸೆಬೆಲೆ, ಬತ್ವೆನ್ ಅನ್ನುವ ಮೂವರು ಖೋಸಿಗಳು ಹಡಗು ಹತ್ತಿ ಲಂಡನ್ನಿಗೆ ಹೋದರು. ಊರೂರು ತಿರುಗಿ ಅಲ್ಲಿನ ಜನರ ಮುಂದೆ ಮಾತಾಡಿದರು, ಮಂತ್ರಿ ಚೇಂಬರ್ಲೇನ್ ಎದುರು ತಮ್ಮ ಅಹವಾಲು ಇಟ್ಟರು. ರೈಲು ಹಳಿಗೆ ಒಂದಿಷ್ಟು ನೆಲ ಬಿಟ್ಟುಕೊಟ್ಟು ಉಳಿದ ನಾಡನ್ನು ಕಂಪನಿಯ ಕೈಗೆ ಹೋಗದಂತೆ ಉಳಿಸಿಕೊಂಡರು. ಗ್ಯಾಬೊರೋನಿನಲ್ಲಿ ಆ ಮೂವರ ಎತ್ತರದ ಕಂಚಿನ ಪ್ರತಿಮೆಗಳಿವೆ. ಮಗಳು ಮೊದಲ ಭಾನುವಾರವೇ ನೋಡಿ ಬರಲಿ.

ಇನ್ನೊಂದು ಸಲ 1949ರಲ್ಲಿ. ಖಾಮಾನ ಮೊಮ್ಮಗ ಸೆರೆತ್ಸೆ ಓದಲು ಇಂಗ್ಲೆಂಡಿಗೆ ಹೋದವನು 1948ರಲ್ಲಿ ರೂತ್ ವಿಲಿಯಮ್ಸ್ ಅನ್ನುವ ಬಿಳಿಯ ಹುಡುಗಿಯನ್ನು ಮದುವೆಯಾದ. ಗಾದಿ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪ ತ್ಶೆಕೆಡಿ ಒಪ್ಪಲಿಲ್ಲ. ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಸರ್ಕಾರ ಆಗಷ್ಟೇ ಬಂದಿತ್ತು, ಅದಕ್ಕೂ ಇದು ಸಹಿಸಲಿಲ್ಲ. ಸೆರೋವೆ ಊರಿನ ಖೋಟ್ಲದಲ್ಲಿ ಸಾವಿರಾರು ಜನ ಸೇರಿ ದಿನಗಟ್ಟಲೆ ಮಾತಾಡಿದರು. ಮೊದಲು ಬೇಡ ಅಂದವರೇ ಕೊನೆಗೆ ಸೆರೆತ್ಸೆಯ ಪರ ಎದ್ದು ನಿಂತರು. ಬ್ರಿಟಿಷರು ಆಮೇಲೂ ಅವನನ್ನು ಗಡಿಪಾರು ಮಾಡಿದರು. 1956ರಲ್ಲಿ ಗಾದಿಯ ಹಕ್ಕು ಬಿಟ್ಟುಕೊಟ್ಟು ಸಾಮಾನ್ಯನಾಗಿ ಊರಿಗೆ ಮರಳಿದ. ಹತ್ತು ವರ್ಷಕ್ಕೆ, 1966ರ ಸೆಪ್ಟೆಂಬರ್ 30ರಂದು, ದೇಶ ಸ್ವತಂತ್ರವಾದಾಗ ಅವರೇ ಮೊದಲ ಅಧ್ಯಕ್ಷರು.

ಆಗ ಆ ದೇಶದಲ್ಲಿ ಡಾಂಬರು ಕಂಡ ರಸ್ತೆ 12 ಕಿಲೋಮೀಟರ್. ಬರಗಾಲ ಬೇರೆ. ಸ್ವಾತಂತ್ರ್ಯದ ಹೊಸ್ತಿಲ ತನಕ ರಾಜಧಾನಿಯೂ ದೇಶದೊಳಗೆ ಇರಲಿಲ್ಲ. ಆಡಳಿತ ನಡೆಯುತ್ತಿದ್ದುದು ಗಡಿಯಾಚೆಯ ಮಾಫೆಕಿಂಗ್‌ನಿಂದ. ಗ್ಯಾಬೊರೋನನ್ನು ಮೂರ್ನಾಲ್ಕು ವರ್ಷದಲ್ಲಿ ಬಯಲಿನಲ್ಲಿ ಕಟ್ಟಿದರು. ಸೈನ್ಯ ಅಂತ ಒಂದು ಶುರುವಾಗಿದ್ದೇ 1977ರಲ್ಲಿ.

ಇಂದಿನ ವ್ಯವಸ್ಥೆ ಹೀಗಿದೆ. ಐದು ವರ್ಷಕ್ಕೊಮ್ಮೆ ಚುನಾವಣೆ, 61 ಕ್ಷೇತ್ರ. ಅಧ್ಯಕ್ಷರಿಗೆ ನೇರವಾಗಿ ವೋಟು ಹಾಕುವುದಿಲ್ಲ. ಗೆದ್ದ ಪಕ್ಷದ ನಾಯಕರೇ ಅಧ್ಯಕ್ಷರಾಗುತ್ತಾರೆ, ಒಟ್ಟು ಹತ್ತು ವರ್ಷಕ್ಕಿಂತ ಜಾಸ್ತಿ ಇರುವಂತಿಲ್ಲ. ಖೋಸಿಗಳದ್ದೇ ಒಂದು ಸಲಹಾ ಸಭೆಯೂ ಇದೆ, ಹೆಸರು ಎನ್ಟ್ಲೊ ಯಾ ದಿಖೋಸಿ. ಸ್ವಾತಂತ್ರ್ಯದಿಂದ 58 ವರ್ಷ ಒಂದೇ ಪಕ್ಷ ಆಳಿತು. 2024ರ ಅಕ್ಟೋಬರ್ 30ರ ಚುನಾವಣೆಯಲ್ಲಿ ಜನ ಅದಕ್ಕೆ ಬರೀ 4 ಸ್ಥಾನ ಕೊಟ್ಟು ಮನೆಗೆ ಕಳಿಸಿದರು. ಅಧ್ಯಕ್ಷ ಮಸಿಸಿ ಎಣಿಕೆ ಮುಗಿಯುವ ಮುಂಚೆಯೇ ಸೋಲು ಒಪ್ಪಿಕೊಂಡರು. ಮಾನವ ಹಕ್ಕುಗಳ ವಕೀಲರಾದ ಡುಮಾ ಬೊಕೊ ಅಧಿಕಾರಕ್ಕೆ ಬಂದರು. ಒಂದು ಕಲ್ಲೂ ಬೀಳಲಿಲ್ಲ. ಮಗಳ ಸುರಕ್ಷೆಯ ಬಗ್ಗೆ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಈಗ ವಜ್ರ. ಸ್ವಾತಂತ್ರ್ಯ ಬಂದ ಮರುವರ್ಷ, 1967ರಲ್ಲಿ, ಒರಾಪಾ ಅನ್ನುವಲ್ಲಿ ವಜ್ರದ ನಿಕ್ಷೇಪ ಸಿಕ್ಕಿತು. ಆ ನೆಲ ಸೆರೆತ್ಸೆಯ ಸ್ವಂತ ಬುಡಕಟ್ಟಾದ ಬಂಗ್ವಾಟೊ ಜನರದ್ದು. ‘ನಮ್ಮ ನೆಲ, ನಮ್ಮ ವಜ್ರ’ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ಅದೇ 1967ರ ಕಾನೂನು ನೆಲದಡಿಯ ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ದೇಶಕ್ಕೆ ತಂದಿತು. ಸೆರೆತ್ಸೆ ಜನರನ್ನು ಮಾತಿನಲ್ಲೇ ಒಪ್ಪಿಸಿದರು. ಯಾವ ಊರಿನ ಕೆಳಗೆ ಸಿಕ್ಕರೂ ಎಲ್ಲರಿಗೂ ಪಾಲು. ಆಫ್ರಿಕಾದ ಎಷ್ಟೋ ಕಡೆ ವಜ್ರಕ್ಕಾಗಿ ರಕ್ತ ಹರಿಯಿತು, ಇಲ್ಲಿ ಹರಿಯಲಿಲ್ಲ ಅನ್ನುವುದಕ್ಕೆ ನಾನು ಕೊಡುವ ಮುಖ್ಯ ಕಾರಣ ಈ ತೀರ್ಮಾನ.

ಒರಾಪಾ ಗಣಿ 1971ರಲ್ಲಿ, ಜ್ವಾನೆಂಗ್ ಗಣಿ 1982ರಲ್ಲಿ ಶುರುವಾದವು. ಸಿಗುವ ವಜ್ರದ ಬೆಲೆ ಲೆಕ್ಕ ಹಾಕಿದರೆ ಜ್ವಾನೆಂಗ್ ಜಗತ್ತಿನ ಅತಿ ಶ್ರೀಮಂತ ವಜ್ರದ ಗಣಿ. ಅದು ಸಿಕ್ಕ ರೀತಿಯನ್ನು ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತಿದ್ದೆ. ವಜ್ರದ ಬಂಡೆ ಹತ್ತಾರು ಮೀಟರ್ ಮರಳಿನ ಕೆಳಗೆ ಹೂತಿತ್ತು, ಮೇಲೆ ಗುರುತೇ ಇಲ್ಲ. ಆದರೆ ಗೆದ್ದಲು ತೇವ ಹುಡುಕಿಕೊಂಡು ಆಳಕ್ಕೆ ಇಳಿದು, ಆ ಬಂಡೆಯ ಚೂರು ಕಣಗಳನ್ನು ಹುತ್ತದ ಮಣ್ಣಿನ ಜೊತೆ ಮೇಲೆ ತಂದಿತ್ತು. ಭೂವಿಜ್ಞಾನಿಗಳು ಆ ಕಣಗಳ ಜಾಡು ಹಿಡಿದರು. ಮಳೆಯಿಲ್ಲದ ನಾಡಿನಲ್ಲಿ ನೀರು ಹುಡುಕಿದ ಹುಳುವಿನಿಂದ ವಜ್ರ ಸಿಕ್ಕಿತು.

ಗಣಿ ನಡೆಸುವುದು ಡೆಬ್ಸ್ವಾನಾ. ಅದರಲ್ಲಿ ಸರ್ಕಾರ ಮತ್ತು ಡಿ ಬೀರ್ಸ್ ಕಂಪನಿಗೆ ಅರ್ಧರ್ಧ. ಶುರುವಿನಲ್ಲಿ ಸರ್ಕಾರಕ್ಕೆ ಇದ್ದ ಪಾಲು 15 ಪರ್ಸೆಂಟ್ ಮಾತ್ರ. ಪಟ್ಟು ಹಿಡಿದು ಮಾತಾಡಿ 1975ರ ಹೊತ್ತಿಗೆ ಅರ್ಧಕ್ಕೆ ತಂದರು. ಈಚೆಗೆ, 2025ರ ಫೆಬ್ರವರಿಯಲ್ಲಿ ಸಹಿಯಾದ ಒಪ್ಪಂದದ ಪ್ರಕಾರ ಗಣಿಯ ವಜ್ರದಲ್ಲಿ 30 ಪರ್ಸೆಂಟನ್ನು ಸರ್ಕಾರದ ಕಂಪನಿಯೇ ಮಾರಬಹುದು, ಅದು ಮುಂದೆ 50ಕ್ಕೆ ಏರುತ್ತದೆ. ದೊಡ್ಡ ಕಲ್ಲುಗಳೂ ಸಿಗುತ್ತಲೇ ಇವೆ. 2024ರಲ್ಲಿ ಕರೋವೆ ಗಣಿಯಲ್ಲಿ 2,488 ಕ್ಯಾರಟ್‌ನ ವಜ್ರ ಸಿಕ್ಕಿತು, ಸುಮಾರು ಅರ್ಧ ಕೆಜಿ ತೂಕ.

ಆ ದುಡ್ಡು ಎಲ್ಲಿ ಹೋಯಿತು? ರಸ್ತೆ, ಶಾಲೆ, ಆಸ್ಪತ್ರೆ, 65 ದಾಟಿದವರಿಗೆ ಪಿಂಚಣಿ. ಒಂದಿಷ್ಟನ್ನು ಮುಂದಿನವರಿಗೆ ಅಂತ ‘ಪುಲ ನಿಧಿ’ಯಲ್ಲಿ ಕೂಡಿಟ್ಟರು. ಕೂಡಿಟ್ಟ ದುಡ್ಡು ಕಷ್ಟಕಾಲದಲ್ಲಿ ಕೈ ಹಿಡಿಯಿತು. 2000ದ ಹೊತ್ತಿಗೆ ಎಚ್‌ಐವಿ ಆ ದೇಶವನ್ನು ಮುಗಿಸುವ ಹಾಗಿತ್ತು. ಪ್ರತಿ ಶನಿವಾರ ಹೆಣದ ಮೆರವಣಿಗೆ ಅಂತ ಹಳೆಯ ಸಹೋದ್ಯೋಗಿಗಳು ಹೇಳುತ್ತಿದ್ದರು. ಸರಾಸರಿ ಆಯುಷ್ಯ 50ರ ಆಸುಪಾಸಿಗೆ ಕುಸಿದಿತ್ತು. ಅಧ್ಯಕ್ಷ ಮೊಗಾಯೆ 2002ರಲ್ಲಿ ಎಲ್ಲರಿಗೂ ಪುಕ್ಕಟೆ ಔಷಧ ಶುರು ಮಾಡಿದರು. ಆ ಯೋಜನೆಯ ಹೆಸರು ‘ಮಸಾ’, ಅಂದರೆ ಬೆಳಗು. ಆಫ್ರಿಕಾದಲ್ಲಿ ಇಂಥದ್ದನ್ನು ಮೊದಲು ಮಾಡಿದ ದೇಶಗಳಲ್ಲಿ ಇದು ಮುಂಚೂಣಿಯಲ್ಲಿತ್ತು. ನನ್ನ ತರಗತಿಯಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದ ಮಕ್ಕಳು ಎಷ್ಟೋ ಜನ ಇದ್ದರು. ತಾಯಿ ಉಳಿದ ಮಕ್ಕಳೂ ಇದ್ದರು, ಆ ಔಷಧದಿಂದಲೇ ಉಳಿದವರು.

ಹಾಗಾದರೆ ಈಗ ದುಡ್ಡಿಲ್ಲ ಅನ್ನುವುದು ಏಕೆ? ದೇಶದ ರಫ್ತಿನಲ್ಲಿ ಸುಮಾರು 80 ಪರ್ಸೆಂಟ್ ವಜ್ರವೇ. ಒಂದೇ ಕಂಬದ ಚಪ್ಪರ ಅದು. ಲ್ಯಾಬಿನಲ್ಲಿ ಬೆಳೆಸಿದ ಅಗ್ಗದ ವಜ್ರ ಬಂತು, ಚೀನಾದಲ್ಲಿ ಬೇಡಿಕೆ ಇಳಿಯಿತು, ಗಣಿಯಿಂದ ತೆಗೆದ ಕಲ್ಲು ಕೊಳ್ಳುವವರು ಕಡಿಮೆಯಾದರು. ಗ್ಯಾಬೊರೋನಿನ ವಜ್ರ ಹರಳು ಮಾಡುವ ಘಟಕಗಳಲ್ಲಿ ಸೂರತ್ ಮೂಲದ ಕಂಪನಿಗಳೂ ಇವೆ. ಅಲ್ಲಿ ಬಿದ್ದ ಪೆಟ್ಟು ಇಲ್ಲೂ ತಾಕುತ್ತದೆ. ಗಣಿಗಳು ಉತ್ಪಾದನೆ ತಗ್ಗಿಸಿದವು, ಸರ್ಕಾರದ ಆದಾಯ ಬಿತ್ತು. 2025ರ ಆಗಸ್ಟಿನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಕೊರತೆ ಎಷ್ಟಾಯಿತೆಂದರೆ ಅಧ್ಯಕ್ಷರು ಆರೋಗ್ಯ ತುರ್ತುಸ್ಥಿತಿ ಘೋಷಿಸಿದರು. ಪುಕ್ಕಟೆ ಔಷಧಕ್ಕೆ ಹೆಸರಾಗಿದ್ದ ದೇಶ ಅದು. ಓದಿ ನನಗೆ ಹೊಟ್ಟೆ ಕಿವುಚಿದಂತಾಯಿತು. ಇನ್ನೊಂದು ಕಂಬ ಕಟ್ಟಬೇಕು ಅಂತ ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದಾರೆ. ದನದ ಮಾಂಸ ಯುರೋಪಿಗೆ ಹೋಗುತ್ತದೆ, ಪ್ರವಾಸ ಇದೆ, ಸೋಡಾ ಬೂದಿ ಇದೆ, ತಾಮ್ರ, ಕಲ್ಲಿದ್ದಲು ಇದೆ. ಯಾವುದೂ ವಜ್ರದಷ್ಟು ಭಾರ ಹೊರುವುದಿಲ್ಲ. ಗಣಿಗೆ ಯಂತ್ರ ಬೇಕು, ಆಳು ಹೆಚ್ಚು ಬೇಡ. ಹಾಗಾಗಿ ಓದಿದ ಹುಡುಗ ಹುಡುಗಿಯರಿಗೆ ಕೆಲಸ ಇಲ್ಲ. ಬಡವ ಶ್ರೀಮಂತರ ನಡುವಿನ ಅಂತರ ಜಗತ್ತಿನಲ್ಲೇ ಅತಿ ಹೆಚ್ಚು ಇರುವ ದೇಶಗಳಲ್ಲಿ ಇದೂ ಒಂದು.

ಹೊಗಳಿಕೆಯ ನಡುವೆ ಸಾನ್ ಜನರನ್ನು ಮರೆತರೆ ಅನ್ಯಾಯವಾಗುತ್ತದೆ. ಕಲಹಾರಿಯಲ್ಲಿ ಎಲ್ಲರಿಗಿಂತ ಮೊದಲಿದ್ದವರು ಅವರೇ. 1997 ಮತ್ತು 2002ರಲ್ಲಿ ಸರ್ಕಾರ ಅವರನ್ನು ನಡು ಕಲಹಾರಿಯ ಅಭಯಾರಣ್ಯದಿಂದ ಎಬ್ಬಿಸಿ ಹೊರಗಿನ ಕಾಲೊನಿಗಳಿಗೆ ಸಾಗಿಸಿತು, ನೀರು ನಿಲ್ಲಿಸಿತು. ಅವರು ಕೋರ್ಟಿಗೆ ಹೋದರು. 2006ರ ಡಿಸೆಂಬರಿನಲ್ಲಿ ಹೈಕೋರ್ಟು ಅವರನ್ನು ಎಬ್ಬಿಸಿದ್ದು ತಪ್ಪು ಅಂದಿತು. ಕೊಳವೆಬಾವಿಯ ನೀರು ಕುಡಿಯುವ ಹಕ್ಕಿಗೆ ಇನ್ನೊಮ್ಮೆ ಕೋರ್ಟು ಹತ್ತಿ 2011ರಲ್ಲಿ ಗೆದ್ದರು. ದುಡ್ಡಿಗೆ ಮಳೆಯ ಹೆಸರಿಟ್ಟ ದೇಶದಲ್ಲಿ ಒಂದು ಜನಾಂಗ ಕುಡಿಯುವ ನೀರಿಗೆ ಕೋರ್ಟು ಹತ್ತಬೇಕಾಯಿತು. ‘ಎಲ್ಲರ ಮಾತೂ ಚಂದ’ ಅನ್ನುವ ಖೋಟ್ಲದಲ್ಲಿ ಇವರ ಮಾತು ಕೇಳಲಿಲ್ಲ.

ಮಗಳ ವಿಷಯ. ಖಂಡಿತ ಕಳಿಸಿ. ಹೊರಡುವ ಮೊದಲು ಕೆಲಸದ ಪರವಾನಗಿ ಮತ್ತು ವಾಸದ ಪರವಾನಗಿ ಎರಡರ ಕಾಗದವೂ ಸರಿಯಾಗಿದೆಯಾ ನೋಡಿ. ಸಂಬಳ ಪುಲದಲ್ಲಿ ಕೊಡುತ್ತಾರೋ ಡಾಲರಿನಲ್ಲೋ, ವೈದ್ಯಕೀಯ ವಿಮೆ ಇದೆಯೋ, ವಾಪಸ್ ಟಿಕೆಟ್ ಯಾರದ್ದು, ಇವೆಲ್ಲ ಕರಾರಿನಲ್ಲಿ ಬರೆದಿರಬೇಕು. ಈಗಿನ ಸ್ಥಿತಿಯಲ್ಲಿ ವಿಮೆ ಮುಖ್ಯ. ಕತ್ತಲಾದ ಮೇಲೆ ಒಬ್ಬಳೇ ನಡೆದು ಓಡಾಡುವುದು ಬೇಡ, ಪಟ್ಟಣದಲ್ಲಿ ಬ್ಯಾಗ್, ಫೋನ್ ಕಿತ್ತುಕೊಳ್ಳುವವರು ಇದ್ದಾರೆ. ಭಾರತದವರು ಬೇಕಾದಷ್ಟು ಜನ ಇದ್ದಾರೆ, ದೇವಸ್ಥಾನವೂ ಇದೆ. ಆದರೆ ಅವರ ನಡುವೆಯೇ ಎರಡು ವರ್ಷ ಕಳೆದು ಬರಬಾರದು ಅನ್ನುವುದು ನನ್ನ ಆಸೆ. ಆಫೀಸಿನವರು ಯಾರಾದರೂ ಮೊರಾಕಕ್ಕೆ ಕರೆದರೆ ಹೋಗಲಿ.

ಊಟದ ಚಿಂತೆ ನಿಮಗೆ ಬೇಡವೇ ಬೇಡ. ಅವರ ದಿನದ ಊಟ ಬೊಗೊಬೆ. ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಕೋಲಿನಿಂದ ತಿರುವಿ ಗಟ್ಟಿ ಮಾಡುತ್ತಾರೆ, ನಮ್ಮ ಮುದ್ದೆಯ ತಂಗಿ. ಜೊತೆಗೆ ಸೊಪ್ಪಿನ ಪಲ್ಯ, ಇಲ್ಲವೇ ಬೇಯಿಸಿ ಕುಟ್ಟಿದ ಮಾಂಸ. ನಮ್ಮ ಜೋಳಕ್ಕೆ ಅಲ್ಲಿ ಮಬೆಲೆ ಅನ್ನುತ್ತಾರೆ, ಎಲ್ಲ ಅಂಗಡಿಯಲ್ಲೂ ಚೀಲಗಟ್ಟಲೆ ಸಿಗುತ್ತದೆ. ಹಾಗಾಗಿ ಇಲ್ಲಿಂದ ಹಿಟ್ಟು ಕಟ್ಟಿ ಕಳಿಸಬೇಡಿ, ಅದಕ್ಕೆ ವಿಮಾನದಲ್ಲಿ ತೂಕವೂ ದಂಡ. ಕೊಳ್ಳುವಾಗ ಚೀಟಿ ಓದಿ ತೆಗೆದುಕೊಳ್ಳಲಿ, ಮೊಳಕೆ ಬರಿಸಿದ ಜೋಳದ ಹಿಟ್ಟೂ ಪಕ್ಕದಲ್ಲೇ ಇರುತ್ತದೆ, ಅದು ಮನೆಯಲ್ಲಿ ಬಿಯರ್ ಮಾಡುವವರಿಗೆ. ಅಂಗಡಿಯ ಹಿಟ್ಟು ಸ್ವಲ್ಪ ತರಿ, ಬೊಗೊಬೆಗೆ ಸರಿ, ರೊಟ್ಟಿ ತಟ್ಟಿದರೆ ಅಂಚು ಒಡೆಯುತ್ತದೆ. ನನ್ನ ಹೆಂಡತಿ ಮೊದಲ ರಜೆಗೆ ಊರಿಗೆ ಬಂದವಳು ವಾಪಸ್ ಹೋಗುವಾಗ ಒಂದು ಸಣ್ಣ ಕಣ್ಣಿನ ಜರಡಿ ತಂದಳು. ಆಮೇಲೆ ಒಂಬತ್ತು ವರ್ಷ ಮುಗಿಯುವ ತನಕ ನಮ್ಮ ಮನೆಯಲ್ಲಿ ರೊಟ್ಟಿ ತಪ್ಪಲಿಲ್ಲ. ಆ ಜರಡಿಯೊಂದನ್ನು ಮಗಳ ಸೂಟ್‌ಕೇಸಿಗೆ ಹಾಕಿ.